ಪಾರದರ್ಶಕ ವರ್ಣದ್ರವ್ಯಗಳು

ಬಂಧಕದೊಡನೆ, ಅಂದರೆ ಕಣಗಳನ್ನು ಹಿಡಿದಿಡುವ ಎಣ್ಣೆ ಅಥವಾ ಅಂಟಿನಂಥ ವಸ್ತುವಿನೊಡನೆ, ಅರೆದು ತೆಳುವಾಗಿ ಬಳಿದಾಗ ಅಡಿಯ ಮೇಲ್ಮೈಯನ್ನು ಮರೆಮಾಡದೆ, ಅದಕ್ಕೆ ಬಣ್ಣವನ್ನಷ್ಟೇ ಕೊಡುವ ವರ್ಣದ್ರವ್ಯಗಳಿವು. ಅಡಿಯಲ್ಲಿರುವುದನ್ನು ಮುಚ್ಚಿಬಿಡುವವು ಅಪಾರದರ್ಶಕ. ಎರಡರ ನಡುವಿನವು ಅರೆಪಾರದರ್ಶಕ. ಥ್ಯಾಲೊ ನೀಲಿ, ಕ್ವಿನಾಕ್ರಿಡೋನ್ ಕೆಂಪುಗಳು, ಅಲಿಜರಿನ್ ಕಡುಗೆಂಪು, ಅಲ್ಟ್ರಾಮರೀನ್, ವಿರಿಡಿಯನ್ ಮೊದಲ ಗುಂಪಿನವು. ಟೈಟೇನಿಯಂ ಬಿಳಿ, ಕ್ಯಾಡ್ಮಿಯಂ ಹಳದಿ ಮತ್ತು ಕೆಂಪು, ಇಂಗಳಿಕ ಎರಡನೆಯ ಗುಂಪಿನವು. ಈ ವಿಂಗಡಣೆ ವರ್ಣದ್ರವ್ಯಕ್ಕೆ ಅಂಟಿದ ಹುಟ್ಟುಗುಣವೇನಲ್ಲ. ಕಣದ ರಾಸಾಯನಿಕ ಸ್ವರೂಪ, ಅದರ ಗಾತ್ರ, ಸುತ್ತಲಿನ ಬಂಧಕ, ಬಳಿದ ಪದರದ ದಪ್ಪ ಈ ನಾಲ್ಕೂ ಕೂಡಿ ಪಾರದರ್ಶಕತೆಯನ್ನು ತೀರ್ಮಾನಿಸುತ್ತವೆ. ಇವುಗಳಲ್ಲಿ ಒಂದು ಬದಲಾದರೂ ಅದೇ ಪುಡಿ ಬೇರೆಯಾಗಿ ಕಾಣುತ್ತದೆ.

ಬೆಳಕಿನ ವರ್ತನೆ

ಬಣ್ಣದ ಪದರಕ್ಕೆ ಬಿದ್ದ ಬೆಳಕಿಗೆ ಅಲ್ಲಿ ಎರಡು ಗತಿ. ಕಣಗಳು ಅದರ ಒಂದು ಭಾಗವನ್ನು ಹೀರಿಕೊಳ್ಳುತ್ತವೆ. ಇನ್ನೊಂದು ಭಾಗವನ್ನು ದಿಕ್ಕು ತಪ್ಪಿಸಿ ಚದುರಿಸುತ್ತವೆ. ಯಾವ ಬಣ್ಣ ಕಾಣುತ್ತದೆ ಎಂಬುದನ್ನು ಮುಖ್ಯವಾಗಿ ಹೀರುವಿಕೆ ನಿರ್ಧರಿಸಿದರೆ, ಅಡಿಯ ಮೇಲ್ಮೈ ಕಾಣುತ್ತದೆಯೇ ಎಂಬುದನ್ನು ಹೆಚ್ಚಾಗಿ ಚದುರುವಿಕೆ ನಿರ್ಧರಿಸುತ್ತದೆ. ಪಾರದರ್ಶಕ ವರ್ಣದ್ರವ್ಯ ಬೆಳಕನ್ನು ಹೀರುತ್ತದೆ, ಆದರೆ ಅಷ್ಟಾಗಿ ಚದುರಿಸುವುದಿಲ್ಲ. ಉಳಿದ ಬೆಳಕು ಪದರವನ್ನು ದಾಟಿ, ಕೆಳಗಿನ ಬಿಳಿ ಕಾಗದಕ್ಕೋ ಕ್ಯಾನ್ವಾಸಿನ ಲೇಪಕ್ಕೋ ತಾಗಿ, ಮತ್ತೆ ಅದೇ ಪದರವನ್ನು ದಾಟಿ ಕಣ್ಣಿಗೆ ಬರುತ್ತದೆ. ಹೀಗೆ ಎರಡು ಸಲ ಸೋಸಿ ಬರುವುದರಿಂದಲೇ ಇಂಥ ಬಣ್ಣಗಳಿಗೆ ಆಳವೂ ತೇಜಸ್ಸೂ ಬರುತ್ತವೆ.

ಚದುರುವಿಕೆಗೆ ಮೂಲ ಕಾರಣ ಕಣ ಮತ್ತು ಬಂಧಕಗಳ ವಕ್ರೀಭವನ ಸೂಚ್ಯಂಕಗಳ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಗಳ) ನಡುವಿನ ಅಂತರ. ಗಾಳಿಯ ಸೂಚ್ಯಂಕ 1.0, ನೀರಿನದು 1.33, ಅಗಸೆ ಎಣ್ಣೆಯದು ಸುಮಾರು 1.48. ರೂಟೈಲ್ ರೂಪದ ಟೈಟೇನಿಯಂ ಡೈ ಆಕ್ಸೈಡಿನದು ಸುಮಾರು 2.7, ಸತುವಿನ ಬಿಳಿಯದು 2.0, ಸೀಸದ ಬಿಳಿಯದು ಸರಿಸುಮಾರು ಅಷ್ಟೇ. ಅಲ್ಟ್ರಾಮರೀನ್ ಸೂಚ್ಯಂಕ ಸುಮಾರು 1.5, ಅಂದರೆ ಎಣ್ಣೆಯದಕ್ಕೆ ಬಹಳ ಹತ್ತಿರ. ಹೀಗಾಗಿ ಎಣ್ಣೆಯಲ್ಲಿ ಅಲ್ಟ್ರಾಮರೀನ್ ಕಣಗಳ ಅಂಚು ಬೆಳಕಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂತಾಗಿ ಪದರ ಕಡುವಾಗಿ, ಪಾರದರ್ಶಕವಾಗಿ ಕಾಣುತ್ತದೆ. ಅದೇ ಎಣ್ಣೆಯಲ್ಲಿ ಟೈಟೇನಿಯಂ ಬಿಳಿ ಎಲ್ಲವನ್ನೂ ಮುಚ್ಚುತ್ತದೆ.

ಬೆಳಕು ನೇರವಾಗಿ ಬಿದ್ದಾಗ ಒಂದು ಅಂಚಿನಲ್ಲಿ ಎಷ್ಟು ಪಾಲು ಹಿಂದಿರುಗುತ್ತದೆ ಎಂದು ಫ್ರೆನೆಲ್ ಸೂತ್ರದಿಂದ ಲೆಕ್ಕಹಾಕಬಹುದು. ಎರಡು ಸೂಚ್ಯಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ ಆಯಿತು. ಎಣ್ಣೆಯಲ್ಲಿರುವ ಟೈಟೇನಿಯಂ ಬಿಳಿಗೆ ಇದು ಶೇ. 8.5ರಷ್ಟು. ಸೂಚ್ಯಂಕ 1.59 ಎಂದು ಹಿಡಿದರೆ ಸೀಮೆಸುಣ್ಣಕ್ಕೆ ಗಾಳಿಯಲ್ಲಿ ಶೇ. 5.2, ನೀರಿನಲ್ಲಿ ಶೇ. 0.8, ಎಣ್ಣೆಯಲ್ಲಿ ಶೇ. 0.13 ಮಾತ್ರ. ಗೋಡೆಗೆ ಸುಣ್ಣ ಹೊಡೆದವರಿಗೆ ಇದು ಗೊತ್ತಿರುವ ಸಂಗತಿಯೇ: ಹಸಿಯಾಗಿದ್ದಾಗ ಹಳೆಯ ಕಲೆ ಕಾಣುತ್ತಲೇ ಇರುತ್ತದೆ, ನೀರು ಆರಿ ಕಣಗಳ ನಡುವೆ ಗಾಳಿ ತುಂಬಿದಾಗ ಗೋಡೆ ಬೆಳ್ಳಗಾಗುತ್ತದೆ. ಅದೇ ಸುಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆದರೆ ಬೂದು ಮಿಶ್ರಿತ ಅರೆಪಾರದರ್ಶಕ ಲೇಪವಾಗುತ್ತದೆ. ಎಣ್ಣೆಬಣ್ಣ ತಯಾರಕರು ಅದನ್ನು ಬಿಳಿಯಾಗಿ ಬಳಸದೆ, ಬಣ್ಣ ಕೆಡಿಸದ ತುಂಬುವಸ್ತುವಾಗಿ ಬಳಸುವುದಕ್ಕೆ ಇದೇ ಕಾರಣ.

ಜಲವರ್ಣದ ಛಾಯೆ ಒಣಗಿದಾಗ ತಿಳಿಯಾಗುವುದಕ್ಕೂ ಇದೇ ವಿವರಣೆ ಸಲ್ಲುತ್ತದೆ. ಅಕ್ರಿಲಿಕ್ ಬಣ್ಣದಲ್ಲಿ ಮಾತ್ರ ಇದು ತಿರುಗುಮುರುಗು. ಹಸಿಯಾಗಿರುವಾಗ ನೀರಿನಲ್ಲಿ ತೇಲುವ ಪಾಲಿಮರ್ ಹನಿಗಳು ಬೆಳಕನ್ನು ಚದುರಿಸಿ ಹಾಲಿನಂತೆ ಕಾಣುತ್ತವೆ. ನೀರು ಹೋಗಿ ಹನಿಗಳು ಒಂದಾದ ಮೇಲೆ ಬಂಧಕ ತಿಳಿಯಾಗಿ ಬಣ್ಣ ಕಡುವಾಗುತ್ತದೆ.

ಕಣದ ಗಾತ್ರ

ಸೂಚ್ಯಂಕ ಹೆಚ್ಚಿದ್ದರೂ ಕಣ ತೀರ ಸಣ್ಣದಾದರೆ ಚದುರುವಿಕೆ ಕುಗ್ಗುತ್ತದೆ. ಟೈಟೇನಿಯಂ ಬಿಳಿಯ ಮರೆಮಾಡುವ ಶಕ್ತಿ 0.2ರಿಂದ 0.3 ಮೈಕ್ರಾನ್ ಗಾತ್ರದಲ್ಲಿ ಗರಿಷ್ಠ. ಇದು ಕಣ್ಣಿಗೆ ಕಾಣುವ ಬೆಳಕಿನ ತರಂಗದೂರದ ಸುಮಾರು ಅರ್ಧ. ಅದಕ್ಕಿಂತ ಬಹಳ ಸಣ್ಣದಾಗಿ ತಯಾರಿಸಿದರೆ ಟೈಟೇನಿಯಂ ಡೈ ಆಕ್ಸೈಡ್ ಕೂಡ ಬಹುಮಟ್ಟಿಗೆ ಪಾರದರ್ಶಕವಾಗುತ್ತದೆ. ಕಬ್ಬಿಣದ ಆಕ್ಸೈಡ್ ಇದಕ್ಕೆ ಸ್ಪಷ್ಟ ನಿದರ್ಶನ. ಸಾಮಾನ್ಯ ಗಾತ್ರದಲ್ಲಿ ಅದು ಕೆಮ್ಮಣ್ಣಿನ ಅಪಾರದರ್ಶಕ ಬಣ್ಣ, 0.1 ಮೈಕ್ರಾನಿಗಿಂತ ಸಣ್ಣದಾಗಿ ತಯಾರಿಸಿದಾಗ ಜೇನುಬಣ್ಣದ, ಗಾಜಿನಂತೆ ತಿಳಿಯಾದ ಪಾರದರ್ಶಕ ಆಕ್ಸೈಡ್. ಮರದ ಪಾಲಿಶಿನಲ್ಲೂ ಕಾರುಗಳ ಲೋಹಛಾಯೆಯ ಬಣ್ಣದಲ್ಲೂ ಬಳಕೆಯಾಗುವುದು ಈ ಎರಡನೆಯದೇ. ಎರಡಕ್ಕೂ ವರ್ಣಸೂಚಿಯಲ್ಲಿ, ಅಂದರೆ ವರ್ಣದ್ರವ್ಯಗಳಿಗೆ ಸಂಖ್ಯೆ ಕೊಟ್ಟು ಗುರುತಿಸುವ ಕಲರ್ ಇಂಡೆಕ್ಸ್ ಪಟ್ಟಿಯಲ್ಲಿ, ಒಂದೇ ಸಂಖ್ಯೆ: ಪಿಆರ್ 101.

ಪದರದ ದಪ್ಪ ಮತ್ತು ಬಣ್ಣದ ಪಲ್ಲಟ

ಪಾರದರ್ಶಕ ಪದರ ದಪ್ಪವಾದಂತೆ ಕಪ್ಪಾಗುವುದಷ್ಟೇ ಅಲ್ಲ, ಅದರ ಛಾಯೆಯೂ ಬದಲಾಗುತ್ತದೆ. ಒಂದು ಹಳದಿ ಪದರ ಕೆಂಪು ಬೆಳಕಿನ ಶೇ. 95, ಹಸಿರಿನ ಶೇ. 80, ನೀಲಿಯ ಶೇ. 20ನ್ನು ದಾಟಿಸುತ್ತದೆ ಎಂದುಕೊಳ್ಳೋಣ. ಅಂಥ ನಾಲ್ಕು ಪದರಗಳನ್ನು ದಾಟಿದ ಮೇಲೆ ಉಳಿಯುವುದು ಕ್ರಮವಾಗಿ ಶೇ. 81, 41 ಮತ್ತು 0.2. ಮೊದಲು ತಿಳಿಹಳದಿಯಾಗಿದ್ದದ್ದು ಈಗ ಕಿತ್ತಳೆ. ನಿಕಲ್ ಅಜೊ ಹಳದಿ (ಪಿವೈ 150) ಟ್ಯೂಬಿನಿಂದ ತೆಗೆದಾಗ ಕಂದುಬಣ್ಣಕ್ಕೆ ಹತ್ತಿರವಿದ್ದು ತೆಳುವಾಗಿ ಹರಡಿದಾಗ ನಿಂಬೆಯ ಕಡೆಗೆ ತಿರುಗುವುದು ಇದರಿಂದಲೇ. ಥ್ಯಾಲೊ ನೀಲಿ ಉಂಡೆಯಾಗಿ ಕಪ್ಪಾಗಿ ಕಾಣುತ್ತದೆ. ಅದರ ನಿಜವಾದ ಛಾಯೆ ತಿಳಿಯಬೇಕಾದರೆ ತೆಳುವಾಗಿ ಎಳೆಯಬೇಕು, ಇಲ್ಲವೇ ಬಿಳಿ ಬೆರೆಸಬೇಕು.

ಎರಡು ಗುಣಗಳನ್ನು ಇಲ್ಲಿ ಬೇರೆಯಾಗಿಡಬೇಕು. ಬಣ್ಣ ಕೊಡುವ ಶಕ್ತಿ ಬೇರೆ, ಪಾರದರ್ಶಕತೆ ಬೇರೆ. ಥ್ಯಾಲೊ ನೀಲಿ ಪಾರದರ್ಶಕವಾದರೂ ಚೂರೇ ಸಾಕು, ಇಡೀ ಮಿಶ್ರಣವನ್ನು ನೀಲಿಯಾಗಿಸುತ್ತದೆ. ಹಸಿರು ಮಣ್ಣು, ಅಂದರೆ ಟೆರ್ ವರ್ತ್, ಪಾರದರ್ಶಕವೂ ಹೌದು, ದುರ್ಬಲವೂ ಹೌದು. ಕಾಡಿಗೆಯಂಥ ಇಂಗಾಲದ ಕಪ್ಪು ಬೆಳಕನ್ನು ಚದುರಿಸದೆ ಹೀರಿಯೇ ಮುಚ್ಚುತ್ತದೆ. ಮರೆಮಾಡುವುದೆಲ್ಲ ಚದುರುವಿಕೆಯ ಕೆಲಸವಲ್ಲ ಎಂಬುದಕ್ಕೆ ಅದು ಸಾಕ್ಷಿ.

ಕುಬೆಲ್ಕ–ಮುಂಕ್ ಸಿದ್ಧಾಂತ

ಹೀರುವಿಕೆ ಮತ್ತು ಚದುರುವಿಕೆಗಳೆರಡನ್ನೂ ಒಂದೇ ಲೆಕ್ಕಕ್ಕೆ ತಂದವರು ಪಾಲ್ ಕುಬೆಲ್ಕ ಮತ್ತು ಫ್ರಾಂಝ್ ಮುಂಕ್. ಅವರ 1931ರ ಲೇಖನ ಪ್ರತಿ ವರ್ಣದ್ರವ್ಯಕ್ಕೂ ಎರಡು ಗುಣಾಂಕಗಳನ್ನು ಕೊಟ್ಟಿತು: ಹೀರುವಿಕೆಗೊಂದು, ಚದುರುವಿಕೆಗೊಂದು. ಮಿಶ್ರಣದಲ್ಲಿ ಪ್ರತಿ ಘಟಕದ ಗುಣಾಂಕವನ್ನೂ ಅದರ ಪ್ರಮಾಣಕ್ಕೆ ತಕ್ಕಂತೆ ಕೂಡಿಸಿ, ಎರಡು ಮೊತ್ತಗಳ ಅನುಪಾತದಿಂದ ದಪ್ಪ ಪದರದ ಬಣ್ಣವನ್ನು ಊಹಿಸಬಹುದು. ಈ ಭಾಷೆಯಲ್ಲಿ ಹೇಳಿದರೆ, ಹೀರಿಯೇ ಮುಚ್ಚುವ ಕಪ್ಪುಗಳನ್ನು ಬಿಟ್ಟು, ಚದುರುವಿಕೆಯ ಗುಣಾಂಕ ಸೊನ್ನೆಗೆ ಹತ್ತಿರವಿರುವುದೇ ಪಾರದರ್ಶಕ ವರ್ಣದ್ರವ್ಯ. ಬಣ್ಣದಂಗಡಿಯ ಕಂಪ್ಯೂಟರ್ ಗೋಡೆಬಣ್ಣದ ಛಾಯೆ ಹೊಂದಿಸುವುದೂ, ಜವಳಿ ಮತ್ತು ಪ್ಲಾಸ್ಟಿಕ್ ಉದ್ಯಮಗಳ ಬಣ್ಣ ನಿಯಂತ್ರಣವೂ ಬಹುಪಾಲು ಈ ಸಿದ್ಧಾಂತದ ಮೇಲೆ ನಿಂತಿವೆ. ಪರದೆಯ ಮೇಲೆ ಕೆಂಪು–ಹಸಿರು–ನೀಲಿ ಅಂಕಿಗಳ ಸರಾಸರಿ ತೆಗೆದರೆ ನೀಲಿಗೆ ಹಳದಿ ಸೇರಿ ಬೂದುಬಣ್ಣ ಬರುತ್ತದೆ. ಕುಬೆಲ್ಕ–ಮುಂಕ್ ಲೆಕ್ಕ ಬಳಸುವ ಚಿತ್ರರಚನಾ ತಂತ್ರಾಂಶದಲ್ಲಿ ಹಸಿರು ಬರುತ್ತದೆ.

ಇತಿಹಾಸ

ಆಧುನಿಕ ರಸಾಯನಶಾಸ್ತ್ರಕ್ಕಿಂತ ಮುಂಚೆ ಪಾರದರ್ಶಕ ಕೆಂಪಿನ ಮುಖ್ಯ ಮೂಲ ಸಸ್ಯ ಮತ್ತು ಕೀಟಗಳ ಬಣ್ಣಗಳು. ಇವು ನೀರಿನಲ್ಲಿ ಕರಗುವುದರಿಂದ ಹಾಗೆಯೇ ವರ್ಣದ್ರವ್ಯವಾಗಲಾರವು. ಕ್ಷಾರದಲ್ಲಿ ಬಸಿದ ಬಣ್ಣಕ್ಕೆ ಪಟಿಕ ಬೆರೆಸಿದಾಗ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಒತ್ತರಿಸಿ, ಬಣ್ಣ ಅದಕ್ಕೆ ಅಂಟಿಕೊಂಡು ಕೆಳಗಿಳಿಯುತ್ತದೆ. ಹೀಗೆ ಪಡೆದ ಪುಡಿಯೇ ಲೇಕ್. ಈ ಅಲ್ಯೂಮಿನದ ಸೂಚ್ಯಂಕ ಎಣ್ಣೆಯದಕ್ಕೆ ಸಮೀಪವಾದುದರಿಂದ ಲೇಕ್‌ಗಳು ಎಣ್ಣೆಯಲ್ಲಿ ತಿಳಿಯಾಗುತ್ತವೆ. ಭಾರತದಿಂದ ಹೋಗುತ್ತಿದ್ದ ಅರಗಿನ ಕೆಂಪು, ಮ್ಯಾಡರ್ ಗಿಡದ ಬೇರು (ನಮ್ಮ ಮಂಜಿಷ್ಠ ಅದೇ ಕುಲದ್ದು), ಕರ್ಮಿಸ್ ಕೀಟ, 16ನೆಯ ಶತಮಾನದಲ್ಲಿ ಮೆಕ್ಸಿಕೋದಿಂದ ಬಂದ ಕೊಚಿನೀಲ್ ಕೀಟ ಇವೆಲ್ಲ ಯುರೋಪಿನ ವರ್ಣಚಿತ್ರಗಳ ಕೆಂಪು ಲೇಕ್‌ಗಳಿಗೆ ಮೂಲ.

15ನೆಯ ಶತಮಾನದ ನೆದರ್ಲೆಂಡ್ಸ್ ಕಲಾವಿದರು ಬಿಳಿ ಸೀಮೆಸುಣ್ಣದ ಲೇಪದ ಮೇಲೆ ಎಣ್ಣೆಯ ತೆಳು ಪದರಗಳನ್ನು ಒಂದರ ಮೇಲೊಂದು ಹೊದಿಸುವ ಗ್ಲೇಜ್ ಕ್ರಮವನ್ನು ಪಳಗಿಸಿದರು. ಯಾನ್ ವಾನ್ ಐಕ್ 1434ರಲ್ಲಿ ಚಿತ್ರಿಸಿದ ಆರ್ನೊಲ್ಫಿನಿ ದಂಪತಿಯ ಚಿತ್ರದಲ್ಲಿ ಹೆಣ್ಣಿನ ಹಸಿರು ಉಡುಪಿನ ಆಳ ತಾಮ್ರದ ಹಸಿರಿನ ಗ್ಲೇಜ್‌ನಿಂದ ಬಂದದ್ದು. ವೆನಿಸ್‌ನಲ್ಲಿ ಟಿಷಿಯನ್ ಇದೇ ಕ್ರಮವನ್ನು ಸಡಿಲವಾದ, ದಪ್ಪ ಕುಂಚಗಾರಿಕೆಯೊಡನೆ ಬೆಸೆದ. ಆಗಿನ ಅತ್ಯಂತ ದುಬಾರಿ ಪಾರದರ್ಶಕ ಬಣ್ಣವೆಂದರೆ ಅಫ್ಘಾನಿಸ್ತಾನದ ಬದಖ್ಷಾನ್ ಪ್ರದೇಶದ ವೈಡೂರ್ಯಶಿಲೆಯಿಂದ, ಅಂದರೆ ಲಾಪಿಸ್ ಲಾಜುಲಿಯಿಂದ, ತೆಗೆಯುತ್ತಿದ್ದ ಅಲ್ಟ್ರಾಮರೀನ್. ಫ್ರಾನ್ಸಿನ ಸಂಸ್ಥೆಯೊಂದು ಅದನ್ನು ಕೃತಕವಾಗಿ ತಯಾರಿಸುವವರಿಗೆ 1824ರಲ್ಲಿ 6000 ಫ್ರಾಂಕ್ ಬಹುಮಾನ ಘೋಷಿಸಿತು. ಜಾನ್ ಬ್ಯಾಪ್ಟಿಸ್ಟ್ ಗಿಮೆ ಅದನ್ನು 1828ರಲ್ಲಿ ಪಡೆದ.

ಭಾರತದಲ್ಲಿ ಚಿಕಣಿ ಚಿತ್ರಗಳ ಸಂಪ್ರದಾಯ ಸಾಮಾನ್ಯವಾಗಿ ಅಪಾರದರ್ಶಕ ಜಲವರ್ಣದ್ದು. ಆದರೂ ಪಾರದರ್ಶಕ ಹಳದಿಗಳಿಗೆ ಅಲ್ಲಿ ಸ್ಥಾನವಿತ್ತು. ಇಂಡಿಯನ್ ಯೆಲ್ಲೊ ಎಂದು ಹೆಸರಾದ ಬಣ್ಣ ರಾಸಾಯನಿಕವಾಗಿ ಯುಕ್ಸಾಂಥಿಕ್ ಆಮ್ಲದ ಲವಣ. ಮಾವಿನೆಲೆ ತಿನ್ನಿಸಿದ ಹಸುಗಳ ಗಂಜಳದಿಂದ ಅದನ್ನು ಬಿಹಾರದ ಮುಂಗೇರ್ ಬಳಿಯ ಹಳ್ಳಿಯೊಂದರಲ್ಲಿ ತಯಾರಿಸುವುದನ್ನು ತ್ರೈಲೋಕ್ಯನಾಥ ಮುಖರ್ಜಿ 1883ರಲ್ಲಿ ವರದಿ ಮಾಡಿದರು. ಇನ್ನೊಂದು ಹಳದಿ ಗ್ಯಾಂಬೋಜ್. ಇದು ಗಾರ್ಸಿನಿಯಾ ಕುಲದ ಮರಗಳ ಅಂಟುಹಾಲು. ನಮ್ಮ ಮುರುಗಲು, ಉಪ್ಪಾಗೆಗಳೂ ಇದೇ ಕುಲದವು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಚಿನ್ನದ ರೇಕು ಅಂಟಿಸುವ ಮುನ್ನ ಮಾಡುವ ಉಬ್ಬುಗೆಲಸದ ಲೇಪಕ್ಕೆ ಸಫೇದ ಮತ್ತು ಅಂಟಿನೊಡನೆ ಇದನ್ನು ಸೇರಿಸುತ್ತಿದ್ದರು.

ಪಾರದರ್ಶಕ ಜಲವರ್ಣ ಕರ್ನಾಟಕದ ಆಧುನಿಕ ಚಿತ್ರಕಲೆಗೆ ಬಂದ ಒಂದು ಮುಖ್ಯ ದಾರಿ ಕಲ್ಕತ್ತೆಯದು. ಜಪಾನಿನ ಯೊಕೊಯಾಮ ತೈಕಾನ್ ಮತ್ತು ಹಿಶಿದಾ ಶುನ್ಸೊ 1903ರಲ್ಲಿ ಅಲ್ಲಿಗೆ ಬಂದಾಗ ಅವನೀಂದ್ರನಾಥ ಠಾಕೂರರು ಅವರ ಕ್ರಮದಿಂದ ಪ್ರೇರಿತರಾಗಿ ವಾಶ್ ತಂತ್ರವನ್ನು ರೂಪಿಸಿದರು. ಬಣ್ಣ ಹಚ್ಚಿ ಒಣಗಿಸಿದ ಕಾಗದವನ್ನು ನೀರಿನಲ್ಲಿ ನೆನೆಸಿ, ಅದರ ಮೇಲೆ ಮತ್ತೆ ತೆಳು ಬಣ್ಣ ಹರಿಸುವುದು ಇದರ ಜೀವಾಳ. ಅವರ ಶಿಷ್ಯರಾದ ಕೆ. ವೆಂಕಟಪ್ಪ (1886–1965) ಮುಂದೆ ಬಿಡಿಸಿದ ನೀಲಗಿರಿಯ ನಿಸರ್ಗಚಿತ್ರಗಳಲ್ಲಿ ಮಂಜು ಮತ್ತು ಬೆಳಕುಗಳನ್ನು ಪಾರದರ್ಶಕ ಪದರಗಳಲ್ಲಿ ಹಿಡಿದರು. ಅವರ ಕೃತಿಗಳು ಬೆಂಗಳೂರಿನಲ್ಲಿ ಅವರದೇ ಹೆಸರಿನ ಚಿತ್ರಶಾಲೆಯಲ್ಲಿವೆ.

ಮುಖ್ಯ ವರ್ಣದ್ರವ್ಯಗಳು

ನೀಲಿ, ಹಸಿರು: 18ನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ತಯಾರಾದ ಪ್ರಶ್ಯನ್ ನೀಲಿ ಕಬ್ಬಿಣದ ಸಯನೈಡ್ ಸಂಯುಕ್ತ, ಪಾರದರ್ಶಕ, ಬಹಳ ಬಲಶಾಲಿ. ಅದರ ಸ್ಥಾನವನ್ನು ಬಹುಮಟ್ಟಿಗೆ ಪಡೆದದ್ದು ತಾಮ್ರದ ಥ್ಯಾಲೊಸಯನೀನ್ (ಪಿಬಿ 15). ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಕಾರ್ಖಾನೆಯಲ್ಲಿ 1928ರಲ್ಲಿ ಥ್ಯಾಲಿಮೈಡ್ ತಯಾರಿಸುವ ಪಾತ್ರೆಯಲ್ಲಿ ಆಕಸ್ಮಿಕವಾಗಿ ಕಂಡ ನೀಲಿಹಸಿರು ಕಲ್ಮಶ ಈ ಕುಟುಂಬದ ಕಬ್ಬಿಣದ ಸಂಯುಕ್ತವೆಂದು ಗೊತ್ತಾಯಿತು. ತಾಮ್ರದ ನೀಲಿ 1935ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಕ್ಲೋರಿನ್ ಸೇರಿಸಿದರೆ ಥ್ಯಾಲೊ ಹಸಿರು (ಪಿಜಿ 7). ರಸಾಯನಶಾಸ್ತ್ರಜ್ಞ ಗಿನ್ಯೆ 1859ರಲ್ಲಿ ಪೇಟೆಂಟ್ ಪಡೆದ ವಿರಿಡಿಯನ್ (ಪಿಜಿ 18) ಜಲಯುಕ್ತ ಕ್ರೋಮಿಯಂ ಆಕ್ಸೈಡ್. ಅಣುವಿನಲ್ಲಿ ನೀರಿಲ್ಲದ ಕ್ರೋಮಿಯಂ ಆಕ್ಸೈಡ್ ಮಾತ್ರ ಅಪಾರದರ್ಶಕ.

ಕೆಂಪು, ನೇರಳೆ: ರಸಾಯನಶಾಸ್ತ್ರಜ್ಞರಾದ ಗ್ರೇಬೆ ಮತ್ತು ಲೀಬರ್‌ಮನ್ 1868ರಲ್ಲಿ ಮ್ಯಾಡರ್ ಬೇರಿನ ಬಣ್ಣವಾದ ಅಲಿಜರಿನ್ ಅನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ಮೇಲೆ ಮ್ಯಾಡರ್ ಬೇಸಾಯವೇ ಕುಸಿಯಿತು. ಅಲಿಜರಿನ್ ಕಡುಗೆಂಪು (ಪಿಆರ್ 83) ಒಂದು ಶತಮಾನ ಎಲ್ಲ ಬಣ್ಣದ ಪೆಟ್ಟಿಗೆಗಳಲ್ಲೂ ಇತ್ತು. ಡ್ಯೂಪಾಂಟ್ 1958ರಲ್ಲಿ ಮಾರುಕಟ್ಟೆಗೆ ತಂದ ಕ್ವಿನಾಕ್ರಿಡೋನ್‌ಗಳು (ಪಿವಿ 19, ಆಮೇಲೆ ಪಿಆರ್ 122) ಅದಕ್ಕಿಂತ ಎಷ್ಟೋ ಹೆಚ್ಚು ಬಾಳುವುದರಿಂದ ಈಗ ಅವುಗಳದೇ ಮೇಲುಗೈ.

ಹಳದಿ, ಕಂದು: ಅಜೊ ಕುಟುಂಬದ ಹನ್ಸಾ ಹಳದಿಗಳು, ನಿಕಲ್ ಅಜೊ, ಪಾರದರ್ಶಕ ಕಬ್ಬಿಣದ ಆಕ್ಸೈಡ್, ಇಟಲಿಯ ಸಿಯೆನ್ನಾ ಮಣ್ಣು ಮತ್ತು ಅದನ್ನು ಸುಟ್ಟ ರೂಪ ಮುಖ್ಯವಾದವು. ಸುಟ್ಟ ಸಿಯೆನ್ನಾ ಸಾಮಾನ್ಯ ಕೆಮ್ಮಣ್ಣಿಗಿಂತ ಹೆಚ್ಚು ಪಾರದರ್ಶಕ.

ಬಣ್ಣ ಬೆರಕೆ

ಪಾರದರ್ಶಕ ಬಣ್ಣಗಳ ಬೆರಕೆ ಕಳೆಯುವ ಲೆಕ್ಕ, ಆದರೆ ನಡೆಯುವುದು ಗುಣಾಕಾರದಿಂದ. ಹಳದಿ ಪದರವೊಂದು ಕೆಂಪಿನ ಶೇ. 90, ಹಸಿರಿನ ಶೇ. 90, ನೀಲಿಯ ಶೇ. 5ನ್ನು ದಾಟಿಸುತ್ತದೆ, ಹಸಿರುನೀಲಿ ಪದರ ಕ್ರಮವಾಗಿ ಶೇ. 5, 80, 90ನ್ನು ದಾಟಿಸುತ್ತದೆ ಎಂದುಕೊಳ್ಳೋಣ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಉಳಿಯುವುದು ಶೇ. 4.5, 72, 4.5. ಎರಡೂ ಬಿಟ್ಟುಕೊಡುವ ಹಸಿರೊಂದೇ ಮಿಗುತ್ತದೆ. ನೀಲಿ ವರ್ಣದ್ರವ್ಯ ಕೆಂಪಿನತ್ತ ವಾಲಿದ್ದರೆ, ಅಂದರೆ ಅಲ್ಟ್ರಾಮರೀನ್ ಆಗಿದ್ದರೆ, ಅದು ಹಸಿರು ಬೆಳಕನ್ನೂ ಸಾಕಷ್ಟು ಹೀರುವುದರಿಂದ ಮಿಶ್ರಣ ಮಂಕು ಹಸಿರು. ಪಾರದರ್ಶಕ ಬಣ್ಣಗಳು ಯಾವಾಗಲೂ ಶುದ್ಧ ಮಿಶ್ರಣ ಕೊಡುತ್ತವೆ ಎಂಬ ಮಾತು ಅರ್ಧ ಮಾತ್ರ ನಿಜ. ಶುದ್ಧಿ ಬರುವುದು ಯಾವ ತರಂಗಗಳನ್ನು ಹೀರುತ್ತವೆ ಎಂಬುದರಿಂದ. ಪಾರದರ್ಶಕತೆ ಕೊಡುವುದು ಕಡುವಾದ ಛಾಯೆಗಳ ಆಳ.

ಆ ಆಳವೇ ಕಪ್ಪು ತಯಾರಿಸುವಾಗ ನೆರವಿಗೆ ಬರುತ್ತದೆ. ಥ್ಯಾಲೊ ಹಸಿರು ಮತ್ತು ಕ್ವಿನಾಕ್ರಿಡೋನ್ ಕೆಂಪು ಒಂದರ ಬಣ್ಣವನ್ನೊಂದು ಹೀರಿ, ಚದುರಿದ ಬೆಳಕಿನ ಬೂದು ಇಲ್ಲದ ಕಪ್ಪನ್ನು ಕೊಡುತ್ತವೆ. ಪ್ರಮಾಣ ಸ್ವಲ್ಪ ಸರಿಸಿದರೆ ಹಸಿರು ಅಥವಾ ನೇರಳೆ ಛಾಯೆಯ ಕಪ್ಪು. ಅಲ್ಟ್ರಾಮರೀನ್ ಮತ್ತು ಸುಟ್ಟ ಸಿಯೆನ್ನಾ ಜಲವರ್ಣಕಾರರ ಅಚ್ಚುಮೆಚ್ಚಿನ ಬೂದುಗಳ ಜೋಡಿ. ಕ್ಯಾಡ್ಮಿಯಂ ಕೆಂಪಿನಂಥ ಅಪಾರದರ್ಶಕ ಬಣ್ಣದಿಂದ ಕಪ್ಪು ಮಾಡಲು ಹೊರಟರೆ ಚದುರಿದ ಬೆಳಕು ಮೇಲೆಯೇ ಉಳಿದು ಕಂದುಬೂದಾಗುತ್ತದೆ.

ಬಿಳಿ ಸೇರಿಸುವುದು ಬೇರೆಯೇ ಕ್ರಿಯೆ. ಟೈಟೇನಿಯಂ ಬಿಳಿ ಬೆಳಕನ್ನು ಆಳಕ್ಕೆ ಹೋಗಗೊಡದೆ ಹಿಂದಕ್ಕೆ ಕಳಿಸುತ್ತದೆ; ಬಣ್ಣದ ಕಣಗಳ ನಡುವೆ ಬೆಳಕು ಸಾಗುವ ದಾರಿ ಚಿಕ್ಕದಾಗುತ್ತದೆ. ತೀರ ಕಡುವಾದ ಥ್ಯಾಲೊ ನೀಲಿಗೆ ಮೊದಲ ಚೂರು ಬಿಳಿ ಬಿದ್ದಾಗ, ಒಳಗೇ ಉಳಿದುಹೋಗುತ್ತಿದ್ದ ಬೆಳಕು ಹೊರಬಂದು ಬಣ್ಣ ಹೆಚ್ಚು ಉಜ್ವಲವಾಗುತ್ತದೆ. ಇನ್ನೂ ಹೆಚ್ಚು ಬಿಳಿ ಸೇರಿಸಿದರೆ ಸಪ್ಪೆಯಾಗುತ್ತದೆ. ಅದೇ ತಿಳಿತನವನ್ನು ಬಿಳಿ ತಳದ ಮೇಲಿನ ತೆಳು ಪದರದಿಂದ ಸಾಧಿಸಿದರೆ ಬಣ್ಣ ಹೆಚ್ಚು ತುಂಬಿಕೊಂಡಿರುತ್ತದೆ.

ಕಪ್ಪಿನ ಮೇಲೆ ತೆಳುವಾಗಿ ಎಳೆದ ಬಿಳಿ ನೀಲಿಛಾಯೆ ತಾಳುತ್ತದೆ, ಏಕೆಂದರೆ ಸಣ್ಣ ಕಣಗಳು ಕಿರುತರಂಗದ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಬಿಳಿಯ ಮೇಲೆ ಎಳೆದ ಪಾರದರ್ಶಕ ಕಂದು ಬೆಚ್ಚಗೆ ಕಾಣುತ್ತದೆ. ಮುಖವರ್ಣ ಚಿತ್ರಿಸುವಾಗ ನೆರಳನ್ನು ಪಾರದರ್ಶಕವಾಗಿಯೂ ಬೆಳಕಿನ ಭಾಗವನ್ನು ದಪ್ಪ ಅಪಾರದರ್ಶಕವಾಗಿಯೂ ಬಳಿಯುವ ಹಳೆಯ ಪಾಠ ಈ ತಂಪು–ಬಿಸಿಗಳ ಲಾಭ ಪಡೆಯುತ್ತದೆ.

ಬಳಸುವ ಕ್ರಮಗಳು

ಎಣ್ಣೆಬಣ್ಣದಲ್ಲಿ ಗ್ಲೇಜ್‌ಗೆ ಅಡಿಪದರ ಪೂರ್ತಿ ಒಣಗಿರಬೇಕು. ಮೇಲಿನ ಪದರಗಳಲ್ಲಿ ಎಣ್ಣೆಯ ಪ್ರಮಾಣ ಹೆಚ್ಚಿರಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಬೂದುಛಾಯೆಗಳಲ್ಲಿ ಆಕಾರವನ್ನೆಲ್ಲ ಮೊದಲು ಮುಗಿಸಿ, ಅದರ ಮೇಲೆ ಬಣ್ಣದ ಗ್ಲೇಜ್‌ಗಳನ್ನು ಹೊದಿಸುವ ಗ್ರಿಸಾಯ್ ಕ್ರಮ ಇದರ ಒಂದು ವಿಸ್ತರಣೆ. ಜಲವರ್ಣದಲ್ಲಿ ಕಾಗದದ ಬಿಳಿಯೇ ಬೆಳಕು; ಅದನ್ನು ಮೊದಲೇ ಉಳಿಸಿಕೊಂಡು ತಿಳಿಯಿಂದ ಕಡುವಿಗೆ ಹೋಗಬೇಕು. ಥ್ಯಾಲೊದಂಥವು ಕಾಗದದ ನಾರಿಗೆ ಕಚ್ಚಿಕೊಳ್ಳುವುದರಿಂದ ಒದ್ದೆ ಕುಂಚದಿಂದ ಎತ್ತಲಾಗದು. ಅಲ್ಟ್ರಾಮರೀನ್ ಕಣಗಳು ಕಾಗದದ ತಗ್ಗುಗಳಲ್ಲಿ ಕೂತು ಮರಳುಮರಳಾದ ವಿನ್ಯಾಸ ತೋರುತ್ತವೆ.

ಮುದ್ರಣ ಪಾರದರ್ಶಕ ವರ್ಣದ್ರವ್ಯಗಳ ಅತಿದೊಡ್ಡ ಬಳಕೆದಾರ. ಯಾಕೋಬ್ ಕ್ರಿಸ್ಟೋಫ್ ಲ ಬ್ಲಾನ್ ಮೂರು ತಟ್ಟೆಗಳನ್ನು ಒಂದರ ಮೇಲೊಂದು ಒತ್ತಿ ಬಣ್ಣದ ಚಿತ್ರ ಮುದ್ರಿಸುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ 1719ರಲ್ಲಿ ಪೇಟೆಂಟ್ ಪಡೆದ. ಇಂದಿನ ಸಯಾನ್, ಮಜೆಂಟ, ಹಳದಿ ಶಾಯಿಗಳು ಪಾರದರ್ಶಕವಾಗಿದ್ದರೆ ಮಾತ್ರ ಮೇಲಿನ ಚುಕ್ಕೆಯ ಅಡಿಯಿಂದ ಕೆಳಗಿನ ಚುಕ್ಕೆ ಕಂಡು ಮೂರರಿಂದ ಸಾವಿರಾರು ಛಾಯೆಗಳು ಬರುತ್ತವೆ.

ಬಾಳಿಕೆ

ಪಾರದರ್ಶಕ ಪದರಕ್ಕೆ ಬೆಳಕು ಆಳದವರೆಗೂ ಇಳಿಯುವುದರಿಂದ, ಅದು ತೆಳುವೂ ಆಗಿರುವುದರಿಂದ, ಬಣ್ಣ ಮಾಸುವ ಅಪಾಯ ಹೆಚ್ಚು. ಜೋಶುವಾ ರೆನಾಲ್ಡ್ಸ್ ಚಿತ್ರಿಸಿದ ಮುಖಗಳು ಕೆಂಪು ಲೇಕ್ ಮಾಸಿ ಬಿಳಿಚಿಕೊಂಡಿವೆ. ವಾನ್ ಗೋ 1888ರಲ್ಲಿ ಚಿತ್ರಿಸಿದ ಮಲಗುವ ಕೋಣೆಯ ನೇರಳೆ ಗೋಡೆಗಳು ಕೆಂಪು ಕಳೆದುಕೊಂಡು ನೀಲಿಯಾದವು. ವರ್ಮೀರ್ ಸುಮಾರು 1665ರಲ್ಲಿ ಬಿಡಿಸಿದ ಮುತ್ತಿನ ಓಲೆಯ ಹುಡುಗಿಯ ಹಿಂದೆ ಈಗ ಕಾಣುವ ಕಪ್ಪು ಮೂಲದಲ್ಲಿ ಹಸಿರು: ಕಪ್ಪು ಪದರದ ಮೇಲೆ ನೀಲಿಗಿಡದ ನೀಲಿ ಮತ್ತು ವೆಲ್ಡ್ ಗಿಡದ ಹಳದಿ ಬೆರೆಸಿದ ಗ್ಲೇಜ್. ತಾಮ್ರದ ಹಸಿರು ಗ್ಲೇಜ್‌ಗಳು ಹಲವು ಸಲ ಕಂದಾಗುತ್ತವೆ. 19ನೆಯ ಶತಮಾನದಲ್ಲಿ ಬೆಚ್ಚನೆಯ ಪಾರದರ್ಶಕ ಕಂದಿಗಾಗಿ ಬಳಸಿದ ಬಿಟುಮೆನ್ ಎಂದೂ ಪೂರ್ತಿ ಒಣಗದೆ ಚಿತ್ರವನ್ನೇ ಸುಕ್ಕಾಗಿಸಿತು. ರಾಳ ಹೆಚ್ಚಿರುವ ಗ್ಲೇಜ್‌ಗಳು ಹಳೆಯ ವಾರ್ನಿಷ್ ತೆಗೆಯುವ ದ್ರಾವಕಕ್ಕೂ ಕರಗಬಹುದಾದ್ದರಿಂದ ಸಂರಕ್ಷಕರು ಅವುಗಳ ಬಳಿ ಬಹಳ ಎಚ್ಚರದಿಂದಿರುತ್ತಾರೆ.

ಮಾಸುವಿಕೆಯನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ ಆರಂಭದ ಕೆಲಸಗಳಲ್ಲಿ ರಸೆಲ್ ಮತ್ತು ಅಬ್ನಿ ಅವರ 1888ರ ಲಂಡನ್ ವರದಿ ಮುಖ್ಯ. ಗಾಳಿಯೂ ತೇವವೂ ಇಲ್ಲದಲ್ಲಿ ಹೆಚ್ಚಿನ ಜಲವರ್ಣಗಳು ಬೆಳಕನ್ನೂ ತಡೆದುಕೊಳ್ಳುತ್ತವೆ ಎಂದು ಅದು ತೋರಿಸಿತು. ಅಪಾರದರ್ಶಕವಾಗಿದ್ದದ್ದು ಪಾರದರ್ಶಕವಾಗುವುದೂ ಉಂಟು. ಅಗಸೆ ಎಣ್ಣೆಯ ವಕ್ರೀಭವನ ಸೂಚ್ಯಂಕ ಶತಮಾನಗಳಲ್ಲಿ ಏರುತ್ತದೆ. ಸೀಸದ ಬಿಳಿಯೊಡನೆ ಅಂತರ ಕಿರಿದಾಗಿ, ಕಲಾವಿದ ಮುಚ್ಚಿಹಾಕಿದ್ದ ಮೊದಲ ರೇಖೆಗಳು ಮೇಲೆ ತೇಲಿಬರುತ್ತವೆ.

ಪರೀಕ್ಷೆ ಮತ್ತು ಗುರುತುಗಳು

ಪಾರದರ್ಶಕತೆ ತಿಳಿಯಲು ಬಿಳಿ ಕಾಗದದ ಮೇಲೆ ಅಳಿಯದ ಕಪ್ಪು ಪಟ್ಟಿ ಎಳೆದು, ಒಣಗಿದ ಮೇಲೆ ಬಣ್ಣವನ್ನು ಅಡ್ಡಲಾಗಿ ಒಂದೇ ದಪ್ಪಕ್ಕೆ ಬಳಿಯುತ್ತಾರೆ. ಪಟ್ಟಿಯ ಮೇಲೆ ಬಣ್ಣದ ಸುಳಿವೇ ಇಲ್ಲದಿದ್ದರೆ ಪಾರದರ್ಶಕ. ಪಟ್ಟಿ ಮರೆಯಾದರೆ ಅಪಾರದರ್ಶಕ. ಉದ್ಯಮದಲ್ಲಿ ಕಪ್ಪು ಮತ್ತು ಬಿಳಿ ತಳಗಳ ಮೇಲಿನ ಪ್ರತಿಫಲನಗಳ ಅನುಪಾತ 0.98 ತಲುಪಿದರೆ ಬಣ್ಣ ಪೂರ್ತಿ ಮುಚ್ಚಿತು ಎಂದು ಲೆಕ್ಕ. ಬಣ್ಣದ ಟ್ಯೂಬುಗಳ ಮೇಲೆ ಸಾಮಾನ್ಯವಾಗಿ ಖಾಲಿ ಚೌಕ ಪಾರದರ್ಶಕಕ್ಕೆ, ಅರ್ಧ ತುಂಬಿದ್ದು ನಡುವಿನದಕ್ಕೆ, ಪೂರ್ತಿ ತುಂಬಿದ್ದು ಅಪಾರದರ್ಶಕಕ್ಕೆ ಗುರುತು. ಜೊತೆಗೆ ಪಿಬಿ, ಪಿಆರ್ ಮುಂತಾದ ವರ್ಣಸೂಚಿ ಸಂಖ್ಯೆ, ಬೆಳಕಿಗೆ ಬಾಳುವ ದರ್ಜೆ ಇರುತ್ತವೆ. ಹೆಸರಿಗಿಂತ ಸಂಖ್ಯೆ ನಂಬಲರ್ಹ, ಏಕೆಂದರೆ ಒಂದೇ ಹೆಸರಿನಡಿ ಬೇರೆ ಬೇರೆ ವರ್ಣದ್ರವ್ಯಗಳನ್ನು ಮಾರುವುದುಂಟು. ಆದರೆ ಪಿಆರ್ 101 ತೋರಿಸುವಂತೆ ಸಂಖ್ಯೆಯೂ ಕಣದ ಗಾತ್ರವನ್ನು ಹೇಳದು. ಎಷ್ಟು ಅರೆದರು, ಏನು ತುಂಬಿದರು ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಆದುದರಿಂದ ಪ್ರತಿ ಹೊಸ ಟ್ಯೂಬನ್ನೂ ಕಪ್ಪು ಪಟ್ಟಿಯ ಮೇಲೆ ಎಳೆದು, ಬಿಳಿ ಬೆರೆಸಿ, ತೆಳುಮಾಡಿ ನೋಡಿದ ಬಣ್ಣಪಟ್ಟಿಯೊಂದನ್ನು ತಾವೇ ತಯಾರಿಸಿಟ್ಟುಕೊಳ್ಳುವುದು ಚಿತ್ರಕಲಾ ಶಿಕ್ಷಣದ ಮೊದಲ ಅಭ್ಯಾಸಗಳಲ್ಲಿ ಒಂದು.